ಊರು ಮುಗಿಯುವ ಜಾಗ

ದಸರೆಯ ಬೆಳಿಗ್ಗೆ ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಚೆಂಡುಹೂವು ಕಿಲೋಗೆ ನೂರಿಪ್ಪತ್ತು. ಚೌಕಾಸಿ ಮಾಡಿದರೆ ನೂರು, ಮರಾಠಿಯಲ್ಲಿ ಚೌಕಾಸಿ ಮಾಡಿದರೆ ತೊಂಬತ್ತು. ಬನ್ನಿ ಎಂದು ಹೇಳಿ ಮಾರುವ ಸೊಪ್ಪು ಹಿಡಿಗೆ ಇಪ್ಪತ್ತು. ಅದು ಬನ್ನಿಯೇ ಹೌದೇ ಎಂದು ಕೇಳಿದರೆ ಮೂವತ್ತು. ಚುನಾಭಟ್ಟಿಯ ಚಾಳಿನಿಂದ ಸಯನ್ನಿನವರೆಗೆ ರಿಕ್ಷಾ ಇಪ್ಪತ್ತಾರು. ಆ ಇಪ್ಪತ್ತಾರನ್ನು ಉಳಿಸಲು ಮುರಿಗೆಪ್ಪ ದಿನವೂ ಸಯನ್ ಸ್ಟೇಷನ್ನಿಗೆ ನಡೆದೇ ಹೋಗುತ್ತಿದ್ದ. ಊರಿನ ಸೀಮೆ ದಾಟುವುದಕ್ಕೆ ಎಷ್ಟು ಬೀಳುತ್ತದೆ ಎಂಬ ಬೋರ್ಡು ಮಾತ್ರ ಎಲ್ಲೂ ಇರಲಿಲ್ಲ. ಆ ಬೆಲೆ ಅವನಿಗೆ ಗೊತ್ತಾದದ್ದು ಸಂಜೆಗೆ.

ಮುರಿಗೆಪ್ಪ ವಿಜಯಪುರದ ಕಡೆಯವನು. ಮೀಸೆ ಮೂಡಿದಾಗಿನಿಂದ ದಾದರಿನಲ್ಲಿ ಶ್ರೀಶೈಲ ಶೇಟರ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದ, ಮತ್ತೆ ಮಡಚುತ್ತಿದ್ದ. ಈಗ ಮೀಸೆ ನೆರೆತಿತ್ತು. ಸೀರೆ ಮಡಚುವುದು ಮುಗಿದಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ಆಸೆ. ಸ್ವಂತದ್ದೊಂದು ಖಾನಾವಳಿ ಇಡಬೇಕು. ಹೆಂಡತಿ ಮಾಧುರಿ ಬಡಿಯುವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ತಾನು ಗಲ್ಲಾದ ಹಿಂದೆ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಬಂದವರಿಗೆ "ಬರ್ರಿ, ಕೂಡ್ರಿ" ಎನ್ನಬೇಕು. ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕಾಗಿತ್ತು.

ಜಾಗವೂ ಸಿಕ್ಕಿತ್ತು. ಸಯನ್ ಗುಡ್ಡದ ಬುಡದಲ್ಲಿ ಬೆಳಗಾವಿಯ ಕಾಶಿನಾಥರ ಮಳಿಗೆಯೊಂದು ಖಾಲಿಯಾಗಿತ್ತು. ದಸರೆಯ ದೀಪ ಹಚ್ಚುವ ಹೊತ್ತಿನೊಳಗೆ ಮುಂಗಡ ಕೊಟ್ಟರೆ ಕೀಲಿ ಮುರಿಗೆಪ್ಪನಿಗೆ. ಇಲ್ಲದಿದ್ದರೆ ಮರುದಿನ ಮೊಬೈಲ್ ಕವರು ಮಾರುವವನಿಗೆ. ಮುಂಗಡ ಎಂದರೆ ತಾಯಿ ನಾಗವ್ವಳ ಕೈಯ ಚಿನ್ನದ ಬಿಲ್ವಾರಗಳು. ಕೊಡುತ್ತೇನೆ ಎಂದು ಅವಳೂ ಒಪ್ಪಿದ್ದಳು. ಆ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಮಗ ಕೈ ಚಾಚಿದಾಗ ನಾಗವ್ವ ಒಂದೇ ಮಾತು ಕೇಳಿದಳು.

"ಸೀಮೆ ದಾಟಿ ಬಂದಿಯೇನು?"

"ಯವ್ವಾ, ಅದೆಲ್ಲಾ ಊರಾಗ. ಇದು ಮುಂಬೈ."

"ಮುಂಬೈ ಊರಲ್ಲೇನು? ಊರಂದ ಮ್ಯಾಲ ಎಲ್ಲೆರ ಒಂದು ಕಡಿ ಮುಗೀಬೇಕಲ್ಲೋ." ನಾಗವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಮ್ಮೂರು ನೋಡು. ಮೂಡಲಕ ಹಳ್ಳ. ಬಡಗಲಕ ಮಲಗಿದ ಎತ್ತಿನಂಥಾ ಕರಿಕಲ್ಲು. ಪಡುವಲಕ ಬನ್ನಿಮರ, ತೆಂಕಲಕ ದಿನ್ನಿ. ಯಾರೂ ಬೋರ್ಡ್ ಹಚ್ಚಿಲ್ಲ, ಗ್ವಾಡಿ ಕಟ್ಟಿಲ್ಲ. ಕುಡದು ಬಂದಾವರಿಗೂ ಗೊತ್ತಿತ್ತು, ಊರು ಎಲ್ಲಿ ಮುಗೀತು ಅಂತ. ನಿಮ್ಮಪ್ಪ ಮೊದಲನೇ ಜೋಡೆತ್ತು ಹಿಡದದ್ದು ದಸರಾ ದಿನ ಹಳ್ಳ ದಾಟಿ ಬನ್ನಿ ತಂದ ಮ್ಯಾಲ. ಇವತ್ತ ಸೀಮೆ ದಾಟಿದವರು ಗೆದ್ದವರು. ಗೆದ್ದವರ ಕೈಗೆ ನನ್ನ ಬಿಲ್ವಾರ."

"ಹಂಗಾರ ದಾಟಿ ಬರ್ತೀನಿ, ಅಷ್ಟs ಅಲ್ಲಾ?"

"ಕಾಲ್ನಡಿಗಿಲೆ ದಾಟಬೇಕು. ದೇವರು ಮಾಡಿದ ಸೀಮೆ ಇರಬೇಕು, ಮುನ್ಸಿಪಾಲ್ಟಿಯಾವ್ರು ಮಾಡಿದ್ದಲ್ಲ. ಆಚೆ ಕಡಿಂದ ಬನ್ನಿ ತರಬೇಕು. ದೀಪ ಹಚ್ಚೂದರೊಳಗ ಬರಬೇಕು."

ಪಕ್ಕದ ಖೋಲಿಯ ಚೆನ್ನಯ ಗ್ಯಾಲರಿಯ ಕಂಬಿಗೆ ಒರಗಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಉಡುಪಿಯವನು. ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರನಾಗಿದ್ದು ನಿವೃತ್ತನಾದವನು. ಅಂದಿನಿಂದ ಚಾಳಿನ ಎಲ್ಲ ಮನೆಗಳ ಮ್ಯಾನೇಜರಿಕೆಯನ್ನೂ ಪುಕ್ಕಟೆಯಾಗಿ ನಡೆಸುತ್ತಿದ್ದ.

"ಚೆನ್ನಯಣ್ಣಾ," ನಾಗವ್ವ ಕರೆದಳು, "ನೀವಿಷ್ಟು ಜೊತಿಗಿ ಹೋಗ್ರಿ. ಇವ ಓಣಿ ತುದಿ ಮಟ ಹೋಗಿ, ಚಾ ಕುಡದು ಬಂದು, ದಾಟಿದೆ ಅಂದಾನು."

"ಅದಕ್ಕೆಂತ ಅಮ್ಮ, ನಾನು ಹೋಗ್ತೇನೆ. ಸಾಕ್ಷಿ ಅಂದ್ರೆ ಸಾಕ್ಷಿ. ಸುಳ್ಳು ಹೇಳುವ ಜನ ಅಲ್ಲ ನಾವು," ಎಂದ ಚೆನ್ನಯ, ಆಗಲೇ ಚಪ್ಪಲಿ ಮೆಟ್ಟಿಕೊಂಡು.

ಮುರಿಗೆಪ್ಪನ ಮನಸ್ಸಿನಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಚಹಾದ ಯೋಜನೆಯೇ. ಅಂಗಡಿಯಲ್ಲಿ ಅದು ವರ್ಷದ ಅತಿ ದೊಡ್ಡ ವ್ಯಾಪಾರದ ದಿನ. ಶೇಟರಿಗೆ ಫೋನು ಮಾಡಿ, ಜ್ವರ, ಹಾಸಿಗೆಯಿಂದ ಏಳಲಾಗುತ್ತಿಲ್ಲ ಎಂದು ನರಳಿ, ಇಬ್ಬರೂ ಸಯನ್ನಿನತ್ತ ನಡೆದರು. ಸಯನ್ ಗುಡ್ಡ ಹತ್ತಿ ಇಳಿದರೆ ಗುಡ್ಡ ದಾಟಿದಂತಾಯಿತು, ಒಂಬತ್ತಕ್ಕೆ ಮನೆ, ಹತ್ತಕ್ಕೆ ಕೀಲಿ ಎಂದು ಅವನ ಲೆಕ್ಕ.

ಕಾಶಿನಾಥರು ಮಳಿಗೆಯ ಮುಂದೆ ಏಣಿ ಹತ್ತಿ ತೋರಣ ಕಟ್ಟುತ್ತಿದ್ದರು. ವಿಷಯ ಕೇಳಿ ಏಣಿಯ ಮೇಲಿಂದಲೇ ನಕ್ಕರು.

"ಸೀಮೆ ಹುಡಕ್ಲಿಕ್ಕೆ ಹೊಂಟೀರೇನ್ರಿ? ನಿಂತ ನೆಲಾನೆ ಸೀಮೆ ಅಲ್ಲೇನ್ರಿ ಇದು? ಸ್ಟೇಷನ್ ಬೋರ್ಡ್ ಮ್ಯಾಲ ಮರಾಠಿಯೊಳಗ ಶೀವ್ ಅಂತ ಬರದದ. ಅಂದ್ರ ಸೀಮೆ. ನಮ್ಮ ಅಜ್ಜ ಹೇಳ್ತಿದ್ದಾ, ಹಿಂದಕ್ಕ ಈ ಗುಡ್ಡದ ಆಚೆ ಖಾಡಿ ಇತ್ತಂತ, ಸಮುದ್ರದ ನೀರು ಒಳಗ ಬರ್ತಿತ್ತು..."

"ನೋಡ್ರಿ ಚೆನ್ನಯಣ್ಣಾ!" ಮುರಿಗೆಪ್ಪ ಕುಣಿದ. "ಗುಡ್ಡಾನೂ ಆತು, ನೀರೂ ಆತು. ನಡೀರಿ, ಹತ್ತಿ ಇಳದು ಬಿಡೂಣು."

ಚೆನ್ನಯ ತಲೆ ಅಲ್ಲಾಡಿಸಿದ. ಹೋಟೆಲಿನಲ್ಲಿ ತಿರುಗಿ ಬಂದ ದೋಸೆಯನ್ನು ನೋಡುವ ಹಾಗೆ ಗುಡ್ಡವನ್ನು ನೋಡಿದ.

"ಹಿಂದೆ ಇದ್ದದ್ದು ಹಿಂದೆ ಮಾರಾಯ್ರೆ. ಈಗ ಗುಡ್ಡದ ಆಚೆಗೂ ಮುಂಬೈ, ಈಚೆಗೂ ಮುಂಬೈ. ನಡುಮನೆಯಲ್ಲಿ ನಿಂತು ಹೊಸ್ತಿಲು ದಾಟಿದೆ ಅಂದ ಹಾಗೆ ಆಗ್ತದೆ. ನಾಳೆ ಅಮ್ಮ ಕೇಳಿದ್ರೆ ನಾನು ಎಂತ ಹೇಳುದು? ಈಗಿನ ಗಡಿ ಬೇಕು. ಮುಲುಂಡ್ ಹೋಗುವ."

"ದೀಪದೊಳಗ ಬರ್ರಿ ಮತ್ತ," ಎಂದರು ಕಾಶಿನಾಥರು. "ಕವರಿನವನು ನಿನ್ನೇನೇ ಎರಡು ಸಲ ಬಂದು ಹೋಗ್ಯಾನ."

ಲೋಕಲ್ಲಿನಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಚೆಂಡುಹೂವಿನ ಚೀಲಗಳ ನಡುವೆ ನಿಂತ ಮುರಿಗೆಪ್ಪ, ಮುಲುಂಡಿನಲ್ಲಿ ಇಳಿಯುವಾಗ ಪೂಜೆ ಮಾಡಿಸಿಕೊಂಡ ಸ್ಕೂಟರಿನಂತೆ ಕಾಣುತ್ತಿದ್ದ. ಅಲ್ಲಿಂದ ರಿಕ್ಷಾ ಹಿಡಿದು ಟೋಲ್ ನಾಕಾಕ್ಕೆ ಹೋದರು. ಠಾಣೆಗೆ ಸ್ವಾಗತ ಕೋರುವ ದೊಡ್ಡ ಫಲಕ ತಲೆಯ ಮೇಲಿತ್ತು. ಮುರಿಗೆಪ್ಪ ಬಲಗಾಲಿಟ್ಟು ಅದರ ಕೆಳಗಿನಿಂದ ಆಚೆ ಹಾರಿ, ಅಲ್ಲಿಂದಲೇ ಮನೆಗೆ ಫೋನು ಹಚ್ಚಿದ.

"ಯವ್ವಾ, ದಾಟಿದೆ!"

"ಏನು ದಾಟಿದಿ? ಹಳ್ಳಾ? ಗುಡ್ಡಾ?"

"ಬೋರ್ಡ್ ಐತಿ ಯವ್ವಾ, ದೊಡ್ಡದು. ಮನಿಯಷ್ಟು ಐತಿ."

"ಆ ಬೋರ್ಡ್ ಕಿತ್ತು ಇನ್ನೊಂದು ಹರದಾರಿ ಆಚೆ ಹಚ್ಚಿದ್ರ, ಸೀಮೆ ಎದ್ದು ಅದರ ಹಿಂದ ಹೋಗತೈತೇನೋ?"

ಮುರಿಗೆಪ್ಪ ಫೋನಿನ ಬಾಯಿ ಮುಚ್ಚಿ ಚೆನ್ನಯನ ಮುಖ ನೋಡಿದ.

"ಅಮ್ಮ ಹೇಳಿದ್ದು ಸರಿಯುಂಟು," ಎಂದ ಚೆನ್ನಯ.

ಇಬ್ಬರು ರಸ್ತೆಯ ನಡುವೆ ಒಂದು ಫಲಕವನ್ನು ತೋರಿಸಿ ಜಗಳವಾಡಿದರೆ ಮುಂಬೈಯಲ್ಲಿ ಜನ ಸೇರದೇ ಇರುತ್ತಾರೆಯೇ? ವಡಾಪಾವಿನವನು ಮುಂಬೈ ಮುಗಿಯುವುದು ದಹಿಸರ್ ನದಿಯಲ್ಲಿ ಎಂದ. ಹಾಲಿನವನು, ತನ್ನ ತಾತನ ಕಾಲದಲ್ಲಿ ಅದು ಸಾಲು ಹುಣಸೆ ಮರಗಳಲ್ಲಿ ಮುಗಿಯುತ್ತಿತ್ತು, ಮರಗಳನ್ನು ಕಡಿದ ಮೇಲೆ ಎಲ್ಲಿಗೆ ಹೋಯಿತೋ ತಿಳಿಯದು ಎಂದ. ಇಸ್ತ್ರಿ ಮಾಡಿದ ಅಂಗಿಯವನೊಬ್ಬ, ಮುಂಬೈ ಈಗ ಪನ್ವೇಲ್ ದಾಟಿ ಇನ್ನೂ ಇಪ್ಪತ್ತು ನಿಮಿಷ ಹೋಗುತ್ತದೆ ಎಂದು ಖಂಡಿತವಾಗಿ ಹೇಳಿದ. ಅವನು ಅಲ್ಲಿ ಫ್ಲಾಟು ಮಾರುವವನು. ಹೋಗುವಾಗ ಇಬ್ಬರ ಕೈಯಲ್ಲೂ ಚೀಟಿ ಇಟ್ಟು ಹೋದ. ಕೊನೆಗೆ ರಿಕ್ಷಾದವನೇ ದಾರಿ ತೋರಿಸಿದ: ಹತ್ತಿರದಲ್ಲೇ ಐರೋಲಿ ಸೇತುವೆ ಇದೆ, ಕೆಳಗೆ ಠಾಣೆಯ ಖಾಡಿ. ಈಚೆ ಮುಂಬೈ, ಆಚೆ ನವಿ ಮುಂಬೈ. ದೇವರು ತೋಡಿದ ಹಳ್ಳಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಸೇತುವೆಯ ಬುಡದಲ್ಲಿ ಅವನು ಇಬ್ಬರನ್ನೂ ಇಳಿಸಿದ. ಬಿಸಿಲು ನೆತ್ತಿಗೆ ಬಂದಿತ್ತು. ಕೆಳಗೆ ಅಗಲವಾದ ನೀರು, ಎರಡೂ ದಂಡೆಗೆ ಕಾಂಡ್ಲದ ಪೊದೆಗಳು. ಲಾರಿ ಹೋದಾಗಲೆಲ್ಲ ಸೇತುವೆ ಎಮ್ಮೆಯ ಬೆನ್ನಿನಂತೆ ನಡುಗುತ್ತಿತ್ತು. ನಡುವಿಗೆ ಬರುವಷ್ಟರಲ್ಲಿ ಮುರಿಗೆಪ್ಪನ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಅದನ್ನು ಸರಿಮಾಡಲು ಕಾಲು ಝಾಡಿಸಿದ; ಚಪ್ಪಲಿ ಕಂಬಿಯ ಸಂದಿನಿಂದ ಹಾರಿ ಖಾಡಿಗೆ ಬಿತ್ತು. ಇಬ್ಬರೂ ಕಂಬಿಯ ಮೇಲೆ ಹೊಟ್ಟೆಯೂರಿ ಬಾಗಿ ನೋಡಿದರು.

"ಅಗೋ, ಹೋಗ್ತಾ ಉಂಟು," ಎಂದ ಚೆನ್ನಯ. "ನಿಮ್ಮ ಚಪ್ಪಲಿ ಗಡಿ ದಾಟಿತು ನೋಡಿ."

ಹಿಂದಿನಿಂದ ಯಾರೋ ಇಬ್ಬರ ಕಾಲರನ್ನೂ ಒಟ್ಟಿಗೆ ಹಿಡಿದೆಳೆದರು. ತಿರುಗಿದರೆ ದಪ್ಪ ಮೀಸೆಯ ಹವಾಲ್ದಾರ, ಪಕ್ಕದಲ್ಲಿ ಪೊಲೀಸ್ ಜೀಪು.

"ಉಡೀ ಮಾರಾಯ್ಚೀ ಹೋತೀ ಕಾಯ್? ಸಣಾಚ್ಯಾ ದಿವಶೀ?" ಎಂದು ಗದರಿದ. ಹಬ್ಬದ ದಿನ ಹಾರಿಕೊಳ್ಳಲು ಬಂದಿರಾ ಎಂದು ಕೇಳುತ್ತಿದ್ದ. ಒಬ್ಬನ ಕಾಲಲ್ಲಿ ಒಂದೇ ಚಪ್ಪಲಿ ಇದ್ದದ್ದು ಅವನ ಅನುಮಾನವನ್ನು ಗಟ್ಟಿ ಮಾಡಿತ್ತು.

"ನಹೀ ಸಾಹೇಬ, ಹಮ್ ಸೀಮಾ ದೇಖ್ ರಹೇ ಥೇ!" ಎಂದ ಮುರಿಗೆಪ್ಪ.

"ಕೋಣ್ ಸೀಮಾ? ಬಾಯಕೋ?" ಎಂದ ಹವಾಲ್ದಾರ. ಸೀಮಾ ಎಂಬುದು ಹೆಂಡತಿಯ ಹೆಸರು, ಇದು ಅವಳ ಜೊತೆಗಿನ ಜಗಳ ಎಂದು ತಿಳಿದು ಅವನ ದನಿ ಸ್ವಲ್ಪ ಮೆತ್ತಗಾಯಿತು. ಸಮಾಧಾನ ಮಾಡುತ್ತಲೇ ಇಬ್ಬರನ್ನೂ ಜೀಪಿಗೆ ತುಂಬಿ ಆಚೆ ದಂಡೆಯ ಚೌಕಿಗೆ ಒಯ್ದ.

ಚೌಕಿಯಲ್ಲಿ ವಿಷಯ ತಿಳಿಯಾಗುವುದಕ್ಕೆ ಗಂಟೆ ಹಿಡಿಯಿತು. ತಿಳಿಯಾದ ಮೇಲೆ ಹವಾಲ್ದಾರನ ಕಣ್ಣು ಒದ್ದೆಯಾಯಿತು. ಅವನು ಸಾತಾರಾದ ಹಳ್ಳಿಯವನು. ಅವನ ಊರಲ್ಲೂ ದಸರೆಗೆ ಸೀಮೆ ದಾಟುತ್ತಾರೆ, ಆದರೆ ಹದಿನಾಲ್ಕು ವರ್ಷದಿಂದ ಹಬ್ಬಕ್ಕೆ ರಜೆ ಸಿಕ್ಕಿಲ್ಲ. ಚೌಕಿಯ ಹಿಂದಿದ್ದ ಬನ್ನಿಯ ಗಿಡದಿಂದ ತಾನೇ ಸೊಪ್ಪು ಕಿತ್ತು ತಂದು, "ಸೋನಂ ಘ್ಯಾ," ಬಂಗಾರ ತಗೊಳ್ಳಿ ಎಂದು ಇಬ್ಬರನ್ನೂ ಎದೆಗಪ್ಪಿದ. ಜಿಲೇಬಿ ತರಿಸಿದ. ತಿಂದು ಮುಗಿಸುವವರೆಗೆ ಬಿಡಲಿಲ್ಲ. ತನ್ನ ಊರಿನ ಸೀಮೆಯ ಮರ, ಬಂಡೆ, ಬಾವಿಗಳ ಕತೆಯನ್ನೆಲ್ಲ ಹೇಳಿದ.

ಹೊರಗೆ ಬಂದ ಮೇಲೆ ಮುರಿಗೆಪ್ಪ ಉಸಿರು ಬಿಟ್ಟ. "ಅಂತೂ ಆತು. ನಡೀರಿ ಮನಿಗೆ."

"ಎಂತ ಆದದ್ದು?" ಚೆನ್ನಯ ನಿಂತೇಬಿಟ್ಟ. "ನೀವು ಜೀಪಿನಲ್ಲಿ ದಾಟಿದ್ದು. ಅಮ್ಮ ಹೇಳಿದ್ದು ಕಾಲ್ನಡಿಗೆ."

"ಚೆನ್ನಯಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ."

"ನನ್ನ ಕಾಲಿಗೆ ಯಾಕೆ, ನಿಮ್ಮ ಕಾಲಲ್ಲಿ ನಡೀರಿ. ನಡು ನೀರಿನವರೆಗೆ ಹೋಗಿ ವಾಪಸ್ ಬಂದ್ರೆ ಆಯ್ತು. ಸಾಕ್ಷಿ ಹೇಳುವವನಿಗೆ ಒಂದು ಮರ್ಯಾದೆ ಬೇಡ್ವಾ?"

ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಕುಪ್ಪಳಿಸುತ್ತ ಮುರಿಗೆಪ್ಪ ಸೇತುವೆಯ ನಡುವಿಗೆ ಹೋದ. ಚೆನ್ನಯ ಬಗ್ಗಿ ನೀರು ನೋಡಿ, "ಹಾಂ, ಇಲ್ಲಿಂದ" ಎಂದ. ಮುರಿಗೆಪ್ಪ ಬನ್ನಿ ಸೊಪ್ಪನ್ನು ಎದೆಗೊತ್ತಿಕೊಂಡು ಆಚೆ ದಂಡೆಯ ಕಡೆ ನಡೆದ. ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಅವನೊಳಗೆ ಏನೋ ಆಯಿತು. ಎದುರಿನಿಂದ ಖಾಡಿಯ ಗಾಳಿ ಬಂತು, ಅಂಗಿ ಉಬ್ಬಿತು. ತಾನು ಸೀರೆ ಮಡಚುವವನಲ್ಲ, ಸೀಮೆ ದಾಟಿದವನು, ಗೆದ್ದವನು. ಸರಿಯಾಗಿ ಆಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಶ್ರೀಶೈಲ ಶೇಟರು.

"ಏನೋ ಮುರಿಗೆಪ್ಪಾ, ಜ್ವರ ಹೆಂಗೈತಿ?"

ಪಕ್ಕದಲ್ಲಿ ಹದಿನಾರು ಗಾಲಿಯ ಲಾರಿಯೊಂದು ಹಾರ್ನು ಹೊಡೆಯುತ್ತ ಹಾದುಹೋಯಿತು.

"ಹಾಸಿಗ್ಯಾಗ ಲಾರಿ ಬಂತೇನೋ?" ಎಂದರು ಶೇಟರು.

ಬೇರೆ ದಿನವಾಗಿದ್ದರೆ ಮುರಿಗೆಪ್ಪ ಅದಕ್ಕೂ ಒಂದು ಸುಳ್ಳು ಹುಡುಕುತ್ತಿದ್ದ. ಅಂದು ಹುಡುಕಲಿಲ್ಲ.

"ಶೇಟ್ಜಿ, ನನಗ ಜ್ವರ ಇಲ್ಲ. ಇದ್ದ ಜ್ವರ ಇವತ್ತ ಬಿಡ್ತು. ನಾಳಿಂದ ನಿಮ್ಮ ಸೀರಿ ನೀವs ಮಡಚ್ರಿ. ನಾನು ನನ್ನ ಗಲ್ಲಾದಾಗ ಕೂಡ್ತೀನಿ. ಹಸಿವಾದ್ರ ಬರ್ರಿ, ನಿಮಗ ಒಂದು ರೊಟ್ಟಿ ಹೆಚ್ಚಿಗಿ."

ಆ ಕಡೆಯಿಂದ ಉತ್ತರ ಬರುವ ಮೊದಲೇ ಫೋನು ಸತ್ತಿತು. ಚಾರ್ಜು ಮುಗಿದಿತ್ತು.

ಹಿಂದಿರುಗುವ ದಾರಿ ಹೋದ ದಾರಿಯ ಎರಡರಷ್ಟಾಯಿತು. ದೇವಿಯ ಮೆರವಣಿಗೆಗಳು, ಡೋಲು, ನಿಂತ ಬಸ್ಸುಗಳು. ಲೋಕಲ್ಲು ಕುರ್ಲಾದ ಹೊರಗೆ ಕಾರಣ ಹೇಳದೆ ನಿಂತಿತು. ಕಿಟಕಿಯ ಆಚೆ ಕಟ್ಟಡಗಳಲ್ಲಿ ಒಂದೊಂದಾಗಿ ದೀಪ ಹೊತ್ತಿಕೊಂಡಾಗ ಮುರಿಗೆಪ್ಪನ ಎದೆ ಒಂದೊಂದಾಗಿ ಮೆಟ್ಟಿಲು ಇಳಿಯಿತು. ಸಯನ್ನಿನಲ್ಲಿ ಇಳಿದವನೇ ಮಳಿಗೆಯ ಕಡೆ ಓಡಿದ. ಕಾಲು ಹಿಡಿದಾದರೂ ಒಂದು ಗಂಟೆಯ ವಾಯಿದೆ ಕೇಳಬೇಕು.

ಮಳಿಗೆಯ ಶಟರು ಮೇಲೆದ್ದಿತ್ತು. ಒಳಗೆ ದೀಪ ಉರಿಯುತ್ತಿತ್ತು. ಮೊಬೈಲ್ ಕವರಿನವನು ಗೆದ್ದ ಎಂದುಕೊಂಡು, ಹೊಸ್ತಿಲಲ್ಲೇ ಕುಸಿದು ಕೂತ.

"ಇಷ್ಟೊತ್ತು ಎಲ್ಲಿ ಸತ್ತಿದ್ದ್ಯೋ?"

ಗಲ್ಲಾದ ಹಿಂದಿನ ಕುರ್ಚಿಯ ಮೇಲೆ ಕಾಲು ಮಡಚಿ ನಾಗವ್ವ ಕೂತಿದ್ದಳು. ಕೈಯಲ್ಲಿ ಬಿಲ್ವಾರ ಇರಲಿಲ್ಲ. ಸೆರಗಿನ ತುದಿಯಲ್ಲಿ ಕೀಲಿ ಇತ್ತು. ಮಾಧುರಿ ನೆಲ ಗುಡಿಸುತ್ತಿದ್ದಳು. ಕಾಶಿನಾಥರು ಸ್ಟೂಲಿನ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು.

"ಯವ್ವಾ! ನೀ ಹೆಂಗ ಬಂದಿ?"

"ನಿನ್ನ ಫೋನ್ ಹತ್ತಲಿಲ್ಲ. ಹೊತ್ತು ಇಳೀತು. ಕೀಲಿ ಹೋದೀತಂತ ಇವಳ ಕರಕೊಂಡು ರಿಕ್ಷಾ ಹತ್ತಿದೆ. ಗುಡ್ಡ ಕಾಣ್ತಿತ್ತು, ರಿಕ್ಷಾ ನಿಂತು ಬಿಡ್ತು. ಇಳೀರಿ ಆಜಿ, ಇದರ ಮುಂದ ರಿಕ್ಷಾ ಬರಾಂಗಿಲ್ಲ, ಇಲ್ಲಿಂದ ಶಹರ ಅಂದ. ಯಾಕಪಾ ಅಂದೆ. ಕಾಯ್ದೆ ಅಂದ. ಹಂಗಾರ ನಾವಿರೋ ಚುನಾಭಟ್ಟಿ ಏನೋ ಅಂದ್ರ, ಅದು ಹೊರಗಾತಲ್ಲ ಆಜಿ ಅಂದ."

ಮುರಿಗೆಪ್ಪ ಹಣೆ ಚಚ್ಚಿಕೊಂಡ. ಸಯನ್ ದಾಟಿ ದಕ್ಷಿಣಕ್ಕೆ ರಿಕ್ಷಾ ಹೋಗುವುದಿಲ್ಲ, ಅಲ್ಲಿಂದ ಟ್ಯಾಕ್ಸಿ ಮಾತ್ರ ಎಂಬುದು ಮುಂಬೈಗೆ ಬಂದು ಎರಡು ದಿನವಾದವನಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಆದರೆ ನಡೆದೇ ಹೋಗುವವನಿಗೆ ರಿಕ್ಷಾ ಎಲ್ಲಿ ನಿಲ್ಲುತ್ತದೆ ಎಂಬುದು ಏಕೆ ನೆನಪಾಗಬೇಕು?

"ನಾನೂ ಅದನ್ನs ಹೇಳ್ಲಿಕ್ಕೆ ಹೊಂಟಿದ್ದೆ ಮುಂಜಾನೆ," ಎಂದರು ಕಾಶಿನಾಥರು. "ನೀವು ಪೂರಾ ಕೇಳಲೇ ಇಲ್ಲ. ಖಾಡಿ ಮುಚ್ಚಿದ್ರೂ ಗೆರಿ ಉಳದದರಿ. ಗುಡ್ಡದ ಈಚೆ ಶಹರ, ಆಚೆ ಬ್ಯಾರೆ."

"ಇಳದು, ಈ ಮೊಣಕಾಲ ಹಿಡಕೊಂಡು, ಗುಡ್ಡದ ಬಗಲಾಗ ನಡಕೊಂಡು ದಾಟಿದೆ," ಎಂದಳು ನಾಗವ್ವ. "ದಾಟಿದ ಮ್ಯಾಲ ಒಬ್ಬಾಕಿ ಬನ್ನಿ ಮಾರ್ತಿದ್ಲು, ತಗೊಂಡೆ."

"ಕೊಂಡ ಬನ್ನಿ ನಡೀತೈತೇನು? ಬಿಲ್ವಾರ ನನಗ ಕೊಡ್ತೀನಂದಿದ್ದಿ!"

"ಗೆದ್ದವರಿಗೆ ಅಂದಿದ್ದೆ. ದಾಟಿದಾಕಿ ನಾನು."

"ನಾನೂ ದಾಟೇನಿ! ಎರಡೆರಡು ಸಲ ದಾಟೇನಿ! ಹೇಳ್ರಿ ಚೆನ್ನಯಣ್ಣಾ!"

"ಊರ ಹೊರಗ ಇದ್ದಾಂವ ಇನ್ನೂ ಹೊರಗ ಹೋದ್ರ, ಅದಕ್ಕ ದಾಟೂದು ಅಂತಾರೇನೋ? ಅದಕ್ಕ ತಿರಗೂದು ಅಂತಾರ. ದಿನಾ ಇದs ಗೆರಿ ದಾಟಿ ಕೆಲಸಕ್ಕ ಹೋಗ್ತಿದ್ದಿ. ಇವತ್ತೂ ಮುಂಜಾನೆ ದಾಟಿ ಬಂದಿದ್ದಿ, ಬನ್ನಿ ತಗೋಳದs ತಿರುಗಿ ಹೊರಗ ಹೋದಿ."

ಎಲ್ಲರೂ ಸಾಕ್ಷಿಯ ಕಡೆ ನೋಡಿದರು. ಚೆನ್ನಯ ಮಳಿಗೆಯನ್ನು ಒಮ್ಮೆ ಸುತ್ತ ನೋಡಿದ. ಎಲ್ಲಿ ಮೇಜು, ಎಲ್ಲಿ ಕೈತೊಳೆಯುವ ಜಾಗ ಎಂದು ಅವನ ಕಣ್ಣು ಆಗಲೇ ಅಳೆಯುತ್ತಿತ್ತು.

"ಅಮ್ಮ ಹೇಳಿದ್ದು ಸರಿಯುಂಟು," ಎಂದ.

"ಚೆನ್ನಯಣ್ಣಾ, ಹೋಟೆಲ್ ನಡಿಸಿದಾವ್ರು ನೀವು. ಮ್ಯಾನೇಜರ್ ಆಗ್ರಿ," ಎಂದಳು ನಾಗವ್ವ. "ಮಾಧುರಿ ಒಲಿ ಮುಂದ. ಅಕಿ ರೊಟ್ಟಿ ಮ್ಯಾಲ ಖಾನಾವಳಿ ನಿಂದ್ರೂದು, ಅದಕ್ಕ ಅಕಿಗೆ ಲಾಭದಾಗ ಅರ್ಧ. ಗಲ್ಲಾದಾಗ ನಾನು."

"ನಾನು?"

"ನಿನಗ ಬಾಗಲದಾಗ ನಿಂತು 'ಬರ್ರಿ, ಕೂಡ್ರಿ' ಅನ್ನೂ ಆಶಾ ಇತ್ತಲ್ಲ? ಅನ್ನು. ಅಂದು, ತಾಟು ಇಡು."

"ಪಗಾರ?"

"ಶ್ರೀಶೈಲ ಎಷ್ಟು ಕೊಡ್ತಿದ್ದ?"

ಮುರಿಗೆಪ್ಪ ಹೇಳಿದ.

"ಅಷ್ಟs ಕೊಡ್ತೀನಿ. ಎರಡ್ಹೊತ್ತಿನ ಊಟದ ರೊಕ್ಕ ಮುರಕೊಂಡು." ನಾಗವ್ವ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಪ್ಪಿನ ಒಂದು ಎಸಳನ್ನು ಮಗನ ಕೈಗಿಟ್ಟಳು. "ಬನ್ನಿ ತಗೋ. ಬಂಗಾರದಂಗ ಇರು. ನಾಳೆ ಲಗೂನ ಬಾ. ಇಲ್ಲಿ ಜ್ವರ ನಡಿಯಾಂಗಿಲ್ಲ."

ಮಾಧುರಿ ಕಸಬರಿಗೆ ನಿಲ್ಲಿಸಿ ಗಂಡನ ಬರಿಗಾಲನ್ನು ನೋಡಿದಳು. "ರೀ, ಇನ್ನೊಂದು ಚಪ್ಪಲಿ ಯಾಕ ಹಿಡಕೊಂಡೀರಿ? ಒಗೀರಿ ಅತ್ತ."

ಹೀಗೆ ಆ ದಸರೆಯಲ್ಲಿ ಮುರಿಗೆಪ್ಪ ಒಂದು ಜೊತೆ ಚಪ್ಪಲಿ ಮತ್ತು ಒಂದು ನೌಕರಿಯನ್ನು ಕಳೆದುಕೊಂಡ. ಊಟದ ದುಡ್ಡು ಕಡಿತವಾದ ಇನ್ನೊಂದು ನೌಕರಿ ಸಿಕ್ಕಿತು. ಬೆಳಿಗ್ಗೆ ಸಯನ್ನಿಗೆ ರಿಕ್ಷಾ ಹತ್ತದೆ ನಡೆದದ್ದರಿಂದ ಇಪ್ಪತ್ತಾರು ರೂಪಾಯಿ ಉಳಿಯಿತು.